ತಲೆ ಹಗುರಿದ್ದ ದಿನಗಳ ಕವರು

ತಲೆನೋವಿನ ಸರ್ವೆ ಮಾಡುವುದೇ ನನ್ನ ಕೆಲಸ ಎಂದಾಗ ಜನ ಮೊದಲು ನಗುತ್ತಿದ್ದರು. "ಅದಕ್ಕೂ ಸರ್ವೆ ಬೇಕಾ? ನಮ್ಮ ಮನೆಗೆ ಬನ್ನಿ, ನಮ್ಮತ್ತೆ ಒಬ್ಬರೇ ಸಾಕು" ಎನ್ನುತ್ತಿದ್ದರು. ನಗು ಮುಗಿದ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ತಮ್ಮ ತಲೆನೋವಿನ ಕಥೆ ಶುರು ಮಾಡುತ್ತಿದ್ದರು. ಮದುವೆ, ಮುಂಜಿ, ವೈಕುಂಠ ಸಮಾರಾಧನೆ, ಎಲ್ಲಿ ಹೋದರೂ ಇದೇ ಪಾಡು. ಮೂವತ್ತು ವರ್ಷಕ್ಕೂ ಮೇಲೆ ಕೇಳಿಸಿಕೊಂಡು ಸಾಕಾಗಿದೆ. ಈಗ ಯಾರಾದರೂ ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರೆ, "ಲೆಕ್ಕದ ಕೆಲಸ" ಎಂದು ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಸುಳ್ಳೇನೂ ಅಲ್ಲ.

ನಾನು ಡಾಕ್ಟರಲ್ಲ. ಸಂಖ್ಯಾಶಾಸ್ತ್ರ ಓದಿದವನು. ಒಂದು ಊರಿನಲ್ಲಿ ಎಷ್ಟು ಜನಕ್ಕೆ ತಲೆನೋವು ಬಂದು ಹೋಗುವ ನೆಂಟನಾಗಿದೆ, ಎಷ್ಟು ಜನಕ್ಕೆ ಮನೆಯಲ್ಲೇ ಠಿಕಾಣಿ ಹೂಡಿದೆ ಎಂದು ತಿಳಿಯಬೇಕು. ಅದಕ್ಕೆ ಯಾರನ್ನು ಕೇಳಬೇಕು, ಎಷ್ಟು ಮಂದಿಯನ್ನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು ಎಂದು ಗೊತ್ತುಮಾಡುವವನು ನಾನು. ನಮ್ಮ ಮುತ್ತಜ್ಜನ ಕಾಲಕ್ಕೇ ಮದರಾಸಿಗೆ ಬಂದ ಮಾಧ್ವರ ಮನೆ ನಮ್ಮದು. ಮನೆಯಲ್ಲಿ ಆಡುವ ಕನ್ನಡದಲ್ಲಿ ಅರ್ಧಕ್ಕರ್ಧ ತಮಿಳೇ ಇರುತ್ತದೆ. ಆದ್ದರಿಂದ ಎರಡು ಭಾಷೆಯಲ್ಲೂ ಪ್ರಶ್ನೆ ಬರೆಯಬಲ್ಲೆ ಎಂಬ ಸಣ್ಣ ಜಂಬ ನನಗಿತ್ತು.

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಆಗಾಗ ಬರುತ್ತಾರೆ. ಸ್ಯಾಂಪಲ್ ಎಷ್ಟಿರಬೇಕು ಸಾರ್, ಯಾವ ಸಾಫ್ಟ್‌ವೇರ್ ಒಳ್ಳೆಯದು ಸಾರ್ ಎಂದು ಕೇಳುತ್ತಾರೆ. ಅದನ್ನು ಕಂಪ್ಯೂಟರೇ ಹೇಳುತ್ತದೆ, ನಾನು ಬೇಕಿಲ್ಲ. ಕೇಳಬೇಕಾದದ್ದನ್ನು ಒಬ್ಬರೂ ಕೇಳುವುದಿಲ್ಲ. ಕೇಳಿದರೆ ಹೇಳುವುದಕ್ಕೆ ನನಗೂ ಧೈರ್ಯ ಸಾಲದು. ಅದಕ್ಕೇ ಬರೆದಿಡುತ್ತಿದ್ದೇನೆ.

ನನಗೆ ಕೆಲಸ ಕಲಿಸಿದವರು ನಮ್ಮ ಸಂಸ್ಥೆಯ ಮುಖ್ಯಸ್ಥರು. ನರರೋಗದ ವೈದ್ಯರು, ನಾವೆಲ್ಲ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನಗುವುದು ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ. ಅವರು ಮೊದಲ ದಿನವೇ ನನಗೆ ಹೇಳಿದ ಮಾತು ಇಷ್ಟೇ: "ಫಾರ್ಮಿನಲ್ಲಿ ಅಚ್ಚಾದದ್ದು ಮಂತ್ರ. ಒಂದು ಅಕ್ಷರ ಆಚೀಚೆ ಆಗಬಾರದು. ಫೀಲ್ಡಿಗೆ ಹೋಗುವವರು ನಲ್ಲಿ ಇದ್ದ ಹಾಗೆ ಇರಬೇಕು, ನೀರಿಗೆ ನಲ್ಲಿಯ ರುಚಿ ಬರಬಾರದು." ಒಬ್ಬೊಬ್ಬರು ಒಂದೊಂದು ಥರ ಕೇಳಿದರೆ ಬಂದ ಉತ್ತರಗಳನ್ನು ಹೋಲಿಸುವುದು ಹೇಗೆ? ಮಾತು ಸರಿಯೇ. ಇವತ್ತಿಗೂ ನಾನು ಅದನ್ನು ಅರ್ಧ ನಂಬುತ್ತೇನೆ.

ನನ್ನ ಮೊದಲ ಪೆಟ್ಟು ನುಂಗಂಬಾಕ್ಕಂನಲ್ಲಿ ಬಿತ್ತು. ಒಂದು ಮನೆಗೆ ಹೋದರೆ ಅಲ್ಲಿರುವ ದೊಡ್ಡವರ ಹೆಸರನ್ನೆಲ್ಲ ವಯಸ್ಸಿನ ಪ್ರಕಾರ ಬರೆದುಕೊಳ್ಳಬೇಕು. ಯಾರನ್ನು ಕೇಳಬೇಕು ಎಂಬುದನ್ನು ನಮ್ಮ ಕೈಲಿರುವ ಪಟ್ಟಿ ಹೇಳುತ್ತದೆ. ಪಟ್ಟಿ ಸೊಸೆ ಎಂದರೆ ಸೊಸೆಯನ್ನೇ ಕೇಳಬೇಕು. ಹಳೆಯ ಬೀದಿಯ ಒಂದು ಮನೆಯಲ್ಲಿ ಸೊಸೆಯ ಹೆಸರು ಬಂತು. ವರಾಂಡದಲ್ಲಿ ಕೂತಿದ್ದ ಅತ್ತೆ, "ಅವಳಿಗೇನು ಬಂದಿದೆ? ಅವಳಿಗೆ ತಲೆನೋವೇ ಇಲ್ಲ, ನನ್ನನ್ನು ಕೇಳಿ" ಎಂದರು. ನಮ್ಮ ಫೀಲ್ಡಿನ ಹುಡುಗ ಸೊಸೆಯ ಸಾಲಿನಲ್ಲಿ "ಇಲ್ಲ" ಎಂದು ಬರೆದುಕೊಂಡು ಬಂದ. ನಾನು ಮರುಪರೀಕ್ಷೆಗೆ ಹೋದಾಗ ಆ ಸೊಸೆ ಒಳಗಿನ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಮಲಗಿದ್ದರು. ಎರಡು ದಿನದಿಂದ ಬೆಳಕು ನೋಡಲಾಗುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ, ಆದರೆ ನಮ್ಮ ಫಾರ್ಮಿನಲ್ಲಿ ಎರಡೂ ಕಾಲ ಅತ್ತೆಯದೇ ಆಗಿತ್ತು. ನಾವು ಹುಡುಕುವ ಮನುಷ್ಯ ಬಾಗಿಲು ತೆಗೆಯಲು ಎದ್ದು ಬರಲಾರದವನು ಎಂಬುದು ಅಂದು ನನಗೆ ಅರ್ಥವಾಯಿತು. ಆಮೇಲೆ ಒಂದು ಮನೆಗೆ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಲೇಬೇಕು ಎಂದು ನಿಯಮ ಮಾಡಿದೆ. ಬೈಸಿಕೊಂಡೆ, ಆದರೂ ಬಿಡಲಿಲ್ಲ.

ಇಂಥ ಒಂದೆರಡು ತಪ್ಪುಗಳನ್ನು ನಾನೇ ಹಿಡಿದು ತಿದ್ದಿದ್ದರಿಂದ, ಇನ್ನು ನನ್ನ ಕಣ್ಣು ತಪ್ಪಿಸಿ ಏನೂ ಹೋಗದು ಎಂಬ ಭ್ರಮೆ ಬಂತು. ದೊಡ್ಡ ಸರ್ವೆಯೊಂದು ಬಂದಾಗ ಅದರ ಪ್ರಶ್ನೆಗಳನ್ನು ನಾನೇ ಬರೆದೆ. ಮುಖ್ಯ ಪ್ರಶ್ನೆ ಒಂದೇ ಸಾಲು: "ಹೋದ ತಿಂಗಳು ಎಷ್ಟು ದಿನ ನಿಮಗೆ ತಲೆನೋವು ಬಂದಿತ್ತು?" ಉತ್ತರ ಹದಿನೈದು ದಿನ ಅಥವಾ ಅದಕ್ಕೆ ಮೇಲಿದ್ದರೆ ಹಳೆಯ, ಬೇರುಬಿಟ್ಟ ತಲೆನೋವು ಎಂದು ಲೆಕ್ಕ. ಕಡಿಮೆ ಇದ್ದರೆ ಎರಡೇ ಪ್ರಶ್ನೆ ಕೇಳಿ ನಮಸ್ಕಾರ ಹೇಳುವುದು. ಆಫೀಸಿನವರ ಮೇಲೇ ಪ್ರಯೋಗಿಸಿ ನೋಡಿದೆವು. ಎಲ್ಲರಿಗೂ ಅರ್ಥವಾಯಿತು. ಇಷ್ಟು ಸರಳವಾದ ಪ್ರಶ್ನೆ ಬರೆದೆನಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಆ ಸರ್ವೆಗೆ ಸೇರಿದವರಲ್ಲಿ ವನಜಾ ಒಬ್ಬಳು. ಉಡುಪಿಯ ಕಡೆಯವಳು, ಡಿಗ್ರಿ ಮಾಡಿದ್ದಳು. ಗಂಡ ನುಂಗಂಬಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರು. ಮದುವೆಯಾಗಿ ಬಂದ ಎರಡೇ ವರ್ಷದಲ್ಲಿ ತಮಿಳು ಕಲಿತಿದ್ದಳು. ಬೇರೆ ಯಾರೂ ಒಪ್ಪದ ರಾಯಪುರಂ ಅವಳ ಪಾಲಿಗೆ ಬಂತು. ಹಾರ್ಬರಿನ ಪಕ್ಕ, ಮೀನು ಒಣಹಾಕುವ ಬೀದಿಗಳು. ಮೀನಿನ ವಾಸನೆ ಗೊತ್ತಿಲ್ಲದ ಮನೆಯ ಹುಡುಗಿ ಎರಡು ದಿನ ಕೂಡ ನಿಲ್ಲಲಾರಳು ಎಂದುಕೊಂಡಿದ್ದೆವು. ನಿಂತಳು. ದಿನಕ್ಕೆ ಆರು ಮನೆ ಮುಗಿಸಬೇಕು ಎಂದರೆ ಮೂರು ಮುಗಿಸಿ ಬರುತ್ತಿದ್ದಳು. "ಏನಮ್ಮಾ, ಅಲ್ಲೇ ಹರಟೆ ಹೊಡ್ಕೊಂಡು ಕೂತಿರ್ತೀಯಾ?" ಎಂದು ನಾನು ಗದರಿದರೆ, "ಕೂತ್ರೆ ಮಾತ್ರ ಅವ್ರು ಹೇಳುದು ಸಾರ್" ಎನ್ನುತ್ತಿದ್ದಳು.

ಎರಡು ತಿಂಗಳ ಕೊನೆಗೆ ಫಾರ್ಮುಗಳನ್ನೆಲ್ಲ ಒಟ್ಟುಮಾಡಿ, ಯಾರು ಯಾರು ಎಷ್ಟು ಹಳೆಯ ತಲೆನೋವಿನವರನ್ನು ಕಂಡುಹಿಡಿದಿದ್ದಾರೆ ಎಂದು ಒಂದು ಕೋಷ್ಟಕ ಮಾಡಿದೆ. ಉಳಿದ ಹತ್ತು ಮಂದಿಯದು ಹೆಚ್ಚು ಕಡಿಮೆ ಒಂದೇ. ವನಜಾಳದು ಅವರೆಲ್ಲರಿಗಿಂತ ಹಲವು ಪಟ್ಟು. ಕೆಂಪು ಪೆನ್ನಿನಲ್ಲಿ ಅವಳ ಹೆಸರಿಗೆ ಸುತ್ತು ಹಾಕಿದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ: ಮನೆಮನೆಗೆ ಹೋಗದೆ, ಎಲ್ಲೋ ಮರದಡಿ ಕೂತು ಮನಸ್ಸಿಗೆ ಬಂದದ್ದನ್ನು ತುಂಬಿದ್ದಾಳೆ. ಅಂಥವರು ಇದ್ದರು. ಒಬ್ಬನಂತೂ ಸತ್ತು ಎರಡು ವರ್ಷವಾದವರ ತಲೆನೋವನ್ನೂ ಬರೆದುಕೊಂಡು ಬಂದಿದ್ದ.

ಮರುಪರೀಕ್ಷೆಗೆ ನಾನೇ ಹೋದೆ. ಮೊದಲ ಮನೆ ಸಹಾಯಮೇರಿಯದು. ಒಣಮೀನು ಮಾರುವ ಹೆಂಗಸು, ಗಂಡ ಇಲ್ಲ. ಮೆಟ್ಟಿಲ ಮೇಲೆ ಕೂತು ನೆತ್ತಿಲಿ ಎಂಬ ಸಣ್ಣ ಮೀನು ಆರಿಸುತ್ತಿದ್ದಳು. ವನಜಾ ತುಂಬಿದ ಫಾರ್ಮಿನಲ್ಲಿ ಆಕೆಯ ತಲೆನೋವು ಇಪ್ಪತ್ತಾರು ದಿನ. ನಾನು ಫಾರ್ಮು ತೆಗೆದು, ಅಚ್ಚಾದ ಪ್ರಶ್ನೆಯನ್ನು ಒಂದು ಅಕ್ಷರ ಆಚೀಚೆ ಮಾಡದೆ ಓದಿದೆ. ಅಲ್ಲಿ ನಡೆದ ಮಾತೆಲ್ಲ ತಮಿಳಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಮೂರು ದಿನ" ಎಂದಳು ಸಹಾಯಮೇರಿ, ಮೀನಿನಿಂದ ಕಣ್ಣೆತ್ತದೆ.

"ಸರಿಯಾಗಿ ಯೋಚಿಸಿ ಹೇಳಮ್ಮಾ."

"ಮೂರೇ ಸಾರ್. ಬೇಕಾದ್ರೆ ನಾಲ್ಕು ಅಂತ ಬರ್ಕೊ."

ಇನ್ನೂ ನಾಲ್ಕು ಮನೆಗೆ ಹೋದೆ. ಎಲ್ಲ ಕಡೆಯೂ ಎರಡು, ಮೂರು, ಐದು. ವನಜಾಳ ಫಾರ್ಮಿನಲ್ಲಿ ಎಲ್ಲ ಇಪ್ಪತ್ತರ ಮೇಲೆ. ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಒಂದು ಥರ ಸಂತೋಷವೇ ಆಗಿತ್ತು. ಕಳ್ಳ ಸಿಕ್ಕಿದಾಗ ಆಗುವ ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಸಹಾಯಮೇರಿಯ ಹಣೆಗೆ ಬಟ್ಟೆಯೊಂದನ್ನು ಬಿಗಿದು ಕಟ್ಟಿತ್ತು. ಬುಟ್ಟಿ ಹೊರುವವರು ಹಾಗೆ ಕಟ್ಟಿಕೊಳ್ಳುತ್ತಾರೆ ಎಂದುಕೊಂಡೆ.

ಮಾರನೆಯ ದಿನ ವನಜಾಳನ್ನು ನನ್ನ ಮೇಜಿನ ಮುಂದೆ ಕೂರಿಸಿದೆ. ಕೂರಿಸಿದೆ ಎನ್ನುವುದೂ ಸುಳ್ಳು, ನಿಲ್ಲಿಸಿದೆ.

"ಇದೇನು ವನಜಾ? ಆಯಮ್ಮ ಮೂರು ದಿನ ಅಂತಾಳೆ, ನೀನು ಇಪ್ಪತ್ತಾರು ಅಂತ ಬರ್ದಿದೀಯ. ನೀನೇ ಕೂತ್ಕೊಂಡು ತುಂಬಿದ್ಯಾ?"

"ಇಲ್ಲ ಸಾರ್. ಫಾರ್ಮಲ್ಲಿ ಉಂಟಲ್ಲ, ಹಾಗೆ ಕೇಳಿದ್ರೆ ಅವ್ರು ಮೂರೇ ಹೇಳುದು. ಎದ್ದು ನಿಲ್ಲಲಿಕ್ಕೇ ಆಗದ ದಿನ ಮಾತ್ರ ಅವ್ರಿಗೆ ತಲೆನೋವು. ಉಳಿದ ದಿನದ್ದು ಲೆಕ್ಕಕ್ಕೇ ಇಲ್ಲ."

"ಮತ್ತೆ ನೀನು ಹೇಗೆ ಕೇಳ್ದೆ?"

"ತಲೆ ಪೂರಾ ಹಗುರ ಇದ್ದ ದಿನ ಎಷ್ಟು ಅಂತ ಕೇಳ್ದೆ ಸಾರ್. ಅದನ್ನ ತಿಂಗಳಿಂದ ಕಳೆದದ್ದು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸುಳ್ಳು ತುಂಬಿದ್ದರೂ ಅಷ್ಟು ಬರುತ್ತಿರಲಿಲ್ಲವೇನೋ. ನನ್ನ ಪ್ರಶ್ನೆಯನ್ನೇ ತಿರುಗಿಸಿ ಹಾಕಿದ್ದಳು! "ಪ್ರಶ್ನೆ ಬದಲಿಸೋಕೆ ನೀನ್ಯಾರು?" ಎಂದು ಕೂಗಿದೆ. ಅವಳು ಅಳಲಿಲ್ಲ. ಕೈಯಲ್ಲಿದ್ದ ಹಳದಿ ಬಟ್ಟೆಯ ಚೀಲ, ಇಲ್ಲಿನ ಮದುವೆಗಳಲ್ಲಿ ತೆಂಗಿನಕಾಯಿ ಹಾಕಿ ಕೊಡುತ್ತಾರಲ್ಲ, ಅಂಥದ್ದನ್ನು ಮೇಜಿನ ಮೇಲಿಟ್ಟಳು.

"ಇದ್ರಲ್ಲಿ ಉಂಟು ಸಾರ್. ಒಂದ್ಸಲ ನೋಡಿ."

"ನೋಡೋದೇನಿದೆ? ಇದು ನಮ್ಮ ಪದ್ಧತಿಯಲ್ಲಿ ಇಲ್ಲ. ತಗೊಂಡು ಹೋಗು."

"ಇದು ನಂದಲ್ಲ ಸಾರ್, ಅವ್ರದ್ದು" ಎಂದು ಹೇಳಿ, ಚೀಲ ಅಲ್ಲೇ ಬಿಟ್ಟು ಹೋದಳು.

"ಸುಳ್ಳು ಮಾಹಿತಿ ತುಂಬಿದ್ದಕ್ಕಾಗಿ" ಎಂದು ಕಾರಣ ಬರೆದು ಅವಳನ್ನು ಕೆಲಸದಿಂದ ತೆಗೆದ ಕಾಗದವನ್ನು ನಾನೇ ಸಿದ್ಧಮಾಡಿದೆ, ದೊಡ್ಡ ಡಾಕ್ಟರು ಸಹಿ ಹಾಕಿದರು. ಆ ಕಾಗದ ಇದ್ದ ಮೇಲೆ ಬೇರೆ ಯಾವ ಸರ್ವೆ ಆಫೀಸೂ ಅವಳನ್ನು ಸೇರಿಸಿಕೊಳ್ಳದು ಎಂದು ನನಗೆ ಗೊತ್ತಿತ್ತು. ಅವಳ ಫಾರ್ಮುಗಳನ್ನೆಲ್ಲ ಲೆಕ್ಕದಿಂದ ಹೊರಗಿಟ್ಟೆವು. ವರದಿ ಬಂತು, ಹೊಗಳಿಕೆ ಬಂತು. ನನ್ನ ಒಂದು ಸಾಲಿನ ಪ್ರಶ್ನೆಯನ್ನು ಬೇರೆಯವರೂ ತಮ್ಮ ಫಾರ್ಮಿಗೆ ಎತ್ತಿಕೊಂಡರು. ಸರ್ಕಾರಿ ಮನೋಧರ್ಮದ ನಮ್ಮ ಆಫೀಸಿನಲ್ಲಿ ಯಾರೂ ಯಾವುದನ್ನೂ ಎಸೆಯುವುದಿಲ್ಲವಾದ್ದರಿಂದ, ಹಳದಿ ಚೀಲ ಮೇಲಿನ ಮಹಡಿಯ ನನ್ನ ಕೋಣೆಯ ಸ್ಟೀಲ್ ಬೀರುವಿನ ಕೆಳಗಿನ ಅರೆಯಲ್ಲಿ ಹೋಗಿ ಕೂತಿತು.

ಆಮೇಲೆ ಬಂದ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ವೇಲಚೇರಿಯಲ್ಲಿ ಸಾಲು ಸಾಲು ಅಪಾರ್ಟ್‌ಮೆಂಟ್ ಎದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತೆ, ಸೊಸೈಟಿ ಒಪ್ಪಿದರೂ ಗೇಟಿನ ಸೆಕ್ಯುರಿಟಿ ಒಳಗೆ ಬಿಡುತ್ತಿರಲಿಲ್ಲ. ಬಿಟ್ಟರೂ ಮನೆಗಳಿಗೆ ಬೀಗ, ಗಂಡ ಹೆಂಡತಿ ಇಬ್ಬರೂ ಐಟಿ ಆಫೀಸಿನಲ್ಲಿ. ಒಂದು ಮಳೆಗಾಲ ನೀರು ನುಗ್ಗಿ, ಗ್ರೌಂಡ್ ಫ್ಲೋರಿನ ನಮ್ಮ ಗೋಡೌನಿನಲ್ಲಿದ್ದ ಫಾರ್ಮಿನ ಕಟ್ಟುಗಳು ಗಂಜಿಯಾದವು. ಅವನ್ನು ಹಗ್ಗದ ಮೇಲೆ ಒಣಹಾಕಿ, ಅಕ್ಷರ ಉಳಿದದ್ದನ್ನು ಓದಲು ಮೂರು ವಾರ ಹಿಡಿಯಿತು. ಅದಾದ ಮೇಲೆ ಕಾಗದ ಹೋಗಿ ಟ್ಯಾಬ್ಲೆಟ್ ಬಂತು.

ಟ್ಯಾಬ್ಲೆಟ್ ಒಳ್ಳೆಯದೇ. ಫೀಲ್ಡಿನವರು ಎಲ್ಲಿ ನಿಂತಿದ್ದಾರೆ ಎಂದು ತೋರಿಸುತ್ತದೆ, ಮರದಡಿ ಕೂತವರನ್ನು ಹಿಡಿದು ಕೊಡುತ್ತದೆ. ಆದರೆ ಕಾಗದದ ಫಾರ್ಮಿಗೆ ಪಕ್ಕದಲ್ಲಿ ಒಂದು ಮಾರ್ಜಿನ್ ಇತ್ತು. "ಅತ್ತೆ ಎದುರಿಗಿದ್ದರು, ಹೇಳಲಿಲ್ಲ", "ಮಾತಾಡುವಾಗ ಕಣ್ಣು ಮುಚ್ಚಿಕೊಂಡೇ ಇದ್ದರು", "ಮಾತ್ರೆ ಎಷ್ಟು ಎಂದು ನೆನಪಿಲ್ಲವಂತೆ" ಎಂದೆಲ್ಲ ಫೀಲ್ಡಿನವರು ಅಲ್ಲಿ ಗೀಚುತ್ತಿದ್ದರು. ಟ್ಯಾಬ್ಲೆಟ್ಟಿಗೆ ಮಾರ್ಜಿನ್ ಇಲ್ಲ. ಮೂರು ಎಂದು ಒತ್ತಿದರೆ ಅದು ಧನ್ಯವಾದ ಹೇಳಿ ಮುಂದಿನ ಮನೆಗೆ ಕಳಿಸಿಬಿಡುತ್ತದೆ. ಆ ಗೀಚುಗಳನ್ನು ಕಾಗದದ ಕಾಲದಲ್ಲಿ ನಾನೂ ಓದುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ನಿವೃತ್ತಿಗೆ ಒಂದು ವಾರ ಇದೆ ಎನ್ನುವಾಗ ಬೀರು ಖಾಲಿ ಮಾಡಲು ಕೂತೆ. ಕೆಳಗಿನ ಅರೆಯಲ್ಲಿ ಹಳದಿ ಚೀಲ ಸಿಕ್ಕಿತು. ಬಣ್ಣ ಮಾಸಿತ್ತು. ನಿಜ ಹೇಳಬೇಕೆಂದರೆ ಅದು ಯಾರದ್ದೆಂದು ಮೊದಲು ನೆನಪಾಗಲಿಲ್ಲ. ಒಳಗೆ ಹೂವಿನ ದಾರದಲ್ಲಿ ಕಟ್ಟಿದ ಕವರುಗಳಿದ್ದವು. ಎರಡೆರಡು ಕವರಿನ ಒಂದೊಂದು ಕಟ್ಟು, ಪ್ರತಿಯೊಂದರ ಮೇಲೂ ಮನೆಯ ನಂಬರು. ಒಂದು ಕವರಿನ ಮೇಲೆ ಹಣೆಗೆ ಬಟ್ಟೆ ಕಟ್ಟಿದ ಮುಖದ ಚಿತ್ರ, ಇನ್ನೊಂದರ ಮೇಲೆ ಮುಡಿಯಲ್ಲಿ ಹೂವಿದ್ದ ಮುಖದ್ದು. ಒಳಗಿದ್ದದ್ದು ಡೈಲಿ ಕ್ಯಾಲೆಂಡರಿನ ಹಾಳೆಗಳು.

ಇಲ್ಲಿ ಬಡವರು ಬಲ್ಲಿದರು ಎನ್ನದೆ ಎಲ್ಲರ ಮನೆಯ ಗೋಡೆಯಲ್ಲೂ ಈ ಕ್ಯಾಲೆಂಡರ್ ಇರುತ್ತದೆ. ಮೇಲೆ ದೇವರ ಪಟ, ಕೆಳಗೆ ದಿನಕ್ಕೊಂದು ಹಾಳೆಯ ಕಟ್ಟು. ಓದು ಬರದವರೂ ದಿನಾ ಬೆಳಿಗ್ಗೆ ಎದ್ದು ನಿನ್ನೆಯ ಹಾಳೆಯನ್ನು ಹರಿದು ಬಿಸಾಡುತ್ತಾರೆ. ವನಜಾ ಆ ಹಾಳೆಯನ್ನು ಬಿಸಾಡಬೇಡಿ ಎಂದಿದ್ದಾಳೆ, ಅಷ್ಟೇ. ನಿನ್ನೆ ತಲೆ ಒಂಚೂರಾದರೂ ನೊಂದಿದ್ದರೆ ಬಟ್ಟೆ ಕಟ್ಟಿದ ಮುಖದ ಕವರಿಗೆ, ಪೂರಾ ಹಗುರ ಇದ್ದಿದ್ದರೆ ಹೂವಿನ ಮುಖದ ಕವರಿಗೆ. ಫಾರ್ಮು ತುಂಬಿದ ಮೇಲಿನ ಒಂದು ತಿಂಗಳು ಹಾಗೆ ಹಾಕಿಸಿ, ತಿರುಗಿ ಹೋಗಿ ಎಲ್ಲವನ್ನೂ ತಂದಿದ್ದಾಳೆ.

ವನಜಾಳ ಫೈಲಿನಲ್ಲಿ ನಂಬರು ನೋಡಿ, ಸಹಾಯಮೇರಿಯ ಮನೆಯ ಕಟ್ಟನ್ನು ಬಿಚ್ಚಿದೆ. ಒಂದು ಕವರು ಉಬ್ಬಿಕೊಂಡಿತ್ತು, ಇನ್ನೊಂದು ಖಾಲಿಯೇ ಎನ್ನುವಷ್ಟು ತೆಳು. ಎಣಿಸಿದೆ. ದಪ್ಪದ್ದರಲ್ಲಿ ಇಪ್ಪತ್ತೇಳು, ತೆಳುವಾದದ್ದರಲ್ಲಿ ಮೂರು. ಉಳಿದ ಕಟ್ಟುಗಳನ್ನೂ ಬಿಚ್ಚಿ ಎಣಿಸಿದೆ, ಎಲ್ಲವೂ ಇಪ್ಪತ್ತರ ಮೇಲೇ. ಹತ್ತು ಮಂದಿ ಒಂದೇ ಉತ್ತರ ತಂದರು ಎಂದರೆ ಅದು ಸರಿ ಎಂದು ತಿಳಿದಿದ್ದೆ. ಹತ್ತು ಮಂದಿಯ ಕೈಗೂ ಒಂದೇ ಸೊಟ್ಟ ಸ್ಕೇಲನ್ನು ಕೊಟ್ಟವನು ನಾನು. ಸರಿಯಾಗಿ ಅಳೆದವಳನ್ನು ಪರೀಕ್ಷಿಸಲು ಅದೇ ಸ್ಕೇಲನ್ನು ಹಿಡಿದುಕೊಂಡು ಹೋದವನೂ ನಾನೇ. ಅವತ್ತು ನನಗಾದ ನಾಚಿಕೆಯನ್ನು ಯಾರ ಹತ್ತಿರವೂ ಹೇಳಿಕೊಳ್ಳುವಂತಿರಲಿಲ್ಲ. ದೊಡ್ಡ ಡಾಕ್ಟರು ತೀರಿಕೊಂಡಿದ್ದರು. ಹೊಸದಾಗಿ ಬಂದ ಮುಖ್ಯಸ್ಥರು, "ಸಾರ್, ಹೊರಡೋ ಹೊತ್ತಲ್ಲಿ ಹಳೇ ಫೈಲ್ ಯಾಕೆ ಕೆದಕ್ತೀರಿ?" ಎಂದರು. ಆದರೂ ಕೆದಕಿದೆ. ವನಜಾ ಸುಳ್ಳು ತುಂಬಿರಲಿಲ್ಲ, ತಪ್ಪು ಪ್ರಶ್ನೆಯದು, ಪ್ರಶ್ನೆ ನನ್ನದು ಎಂದು ಬರೆದು, ಸಹಿ ಹಾಕಿ ಅವಳ ಫೈಲಿಗೆ ಸೇರಿಸಿದೆ. ಅದರ ಒಂದು ಪ್ರತಿಯನ್ನು ಮನೆಗೆ ತಂದೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಪ್ರತಿ ನನ್ನ ಮೇಜಿನ ಮೇಲೆ ಎರಡು ತಿಂಗಳು ಬಿದ್ದಿತ್ತು. ನನ್ನ ಹೆಂಡತಿ ನಳಿನಿ ಅದರ ಮೇಲೆ ಕೂತ ಧೂಳು ಒರೆಸುತ್ತಾ ಒಂದು ದಿನ ಕೇಳಿದಳು:

"ಸುಮ್ಮಾ ಲೆಟರ್ ಬರೆದ್ರೆ ಆಯ್ತಾ? ಆ ಹುಡುಗಿ ಮೊಗ ನೋಡಿದ್ರಾ?"

"ಹುಡುಗಿ ಏನು, ಅವಳಿಗೀಗ ನಲವತ್ತು ದಾಟಿರತ್ತೆ. ಎಲ್ಲಿದಾಳೋ ಏನೋ."

"ಊರಲ್ಲಿರೋ ಸಾವಿರ ಮನೆ ಬಾಗಿಲು ತಟ್ಟಿದೀರಂತೆ. ಇದೊಂದು ಮನೆ ಸಿಗಲ್ವಾ ನಿಮಗೆ? ಭಯ ಅಂತ ಹೇಳ್ರೀ, ಪರವಾಯಿಲ್ಲೆ."

ಭಯವೇ. ನಳಿನಿ ಇಂಥದ್ದನ್ನೆಲ್ಲ ಕಾಫಿ ಲೋಟ ಎತ್ತಿಕೊಂಡು ಹೋಗುವಾಗ ಹೇಳಿ ಹೋಗಿಬಿಡುತ್ತಾಳೆ, ಉತ್ತರ ಕೊಡಲು ಪುರಸೊತ್ತು ಕೊಡುವುದಿಲ್ಲ.

ಹುಡುಕುವುದೇನೂ ಕಷ್ಟವಾಗಲಿಲ್ಲ. ವನಜಾಳ ಗಂಡ ಕೆಲಸಕ್ಕಿದ್ದ ಹೋಟೆಲಿಗೆ ಹೋಗಿ ಕೇಳಿದೆ. ವನಜಾ ಅಲ್ಲಿಯೇ ಇದ್ದಳು. ಹಿಂಭಾಗದಲ್ಲಿ ತರಕಾರಿ ಹೆಚ್ಚುವ ಏಳೆಂಟು ಹೆಂಗಸರ ಮೇಲ್ವಿಚಾರಣೆ ಅವಳದು. ಕೂದಲು ಮುಂದೆ ನರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಹೋಟೆಲಿನ ಮೂಲೆಯ ಮೇಜಿನಲ್ಲಿ ಕೂತೆವು. ಮೊದಲು "ನೀನು" ಎನ್ನುತ್ತಿದ್ದವನಿಗೆ ಅವತ್ತು ಬಾಯಲ್ಲಿ "ನೀವು" ಎಂದೇ ಬಂತು.

"ನಿಮ್ಮದು ಸರಿಯಾಗಿತ್ತು ವನಜಾ. ನಾನು ಚೀಲ ಬಿಚ್ಚಿ ನೋಡ್ಲಿಲ್ಲ. ದೊಡ್ಡ ತಪ್ಪು ಮಾಡ್ದೆ."

ಅವಳು ಕಾಗದವನ್ನು ನಿಧಾನವಾಗಿ ಪೂರ್ತಿ ಓದಿದಳು. ಮಡಿಸಿದಳು.

"ಇದನ್ನ ಈಗ ಎಂತ ಮಾಡುದು ಸಾರ್? ಬದನೆಕಾಯಿ ಹೆಚ್ಚಲಿಕ್ಕೆ ಯಾರೂ ಸರ್ಟಿಫಿಕೇಟ್ ಕೇಳುದಿಲ್ಲ." ಕಾಗದವನ್ನು ಮೇಜಿನ ಮೇಲಿಟ್ಟು, "ಆಗ ಆದ್ರೆ ಬೇಕಿತ್ತು. ಎಂಟು ಕಡೆ ಹೋಗಿದ್ದೆ ನಾನು. ಎಲ್ಲ ಕಡೆ ನಿಮ್ಮ ಆಫೀಸಿಗೆ ಫೋನ್ ಮಾಡಿ ಕೇಳ್ತಿದ್ರು" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳೇ ಮುಂದುವರಿಸಿ ಕೇಳಿದಳು:

"ಪ್ರಶ್ನೆ ಬದಲಿಸಿದ್ರಾ?"

"ಹೊಸ ಫಾರ್ಮಲ್ಲಿ ನಿಮ್ಮ ಪ್ರಶ್ನೆ ಹಾಕ್ತೀವಿ ಅಂತ ಆಫೀಸಿನವರು ಅಂದಿದಾರೆ. ನಾನು ಬಿಡೋದಿಲ್ಲ."

"ಸಹಾಯಮೇರಿ ಅಮ್ಮ ಹೇಗಿದ್ದಾರೆ?"

ಅಲ್ಲಿಗೆ ಮತ್ತೆ ಹೋಗಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅದನ್ನು ಹೇಳಿದೆ.

"ಹಾಳೆ ತೆಗೆದಿಡಿ, ಅದನ್ನ ನೋಡ್ಲಿಕ್ಕೆ ಡಾಕ್ಟ್ರು ಬರ್ತಾರೆ ಅಂತ ಅವ್ರಿಗೆ ಹೇಳಿದ್ದೆ ಸಾರ್. ಅದಕ್ಕೇ ಅವ್ರು ಇಟ್ಟದ್ದು. ಇಲ್ಲದಿದ್ರೆ ನನ್ನ ಮುಖ ನೋಡಿ ಇಡ್ತಾರಾ? ಕೆಲಸ ಹೋದ ಮೇಲೆ ನನಗೆ ಆ ಬೀದಿಗೆ ಹೋಗ್ಲಿಕ್ಕೆ ಮುಖವೇ ಇರ್ಲಿಲ್ಲ." ಅಷ್ಟು ಹೊತ್ತಿಗೆ ಮೊದಲ ಬಾರಿ ಅವಳ ಕಣ್ಣು ತುಂಬಿತು. "ನನ್ನ ಹೆಸರು ಹೋದದ್ದು ಬಿಡಿ. ನಾನು ಅವ್ರಿಗೆ ಸುಳ್ಳು ಹೇಳಿದ ಹಾಗೆ ಆಯ್ತಲ್ಲ."

ಹೋಟೆಲಿನಿಂದಲೇ ಪರಿಚಯದ ಒಬ್ಬ ನರರೋಗದ ವೈದ್ಯೆಗೆ ಫೋನ್ ಮಾಡಿದೆ. ಮಧ್ಯಾಹ್ನ ಎರಡು ಗಂಟೆಯೊಳಗೆ ಆಕೆಯನ್ನು ಕರೆತನ್ನಿ ಎಂದರು. ವನಜಾ ಏಪ್ರನ್ ಬಿಚ್ಚಿಟ್ಟು ಬಂದಳು. ಆಟೋ ಹಿಡಿದು ರಾಯಪುರಂಗೆ ಹೋದೆವು. ಸಹಾಯಮೇರಿ ಬದುಕಿರಲಿ ಎಂದು ದಾರಿಯುದ್ದಕ್ಕೂ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತುಕೊಳ್ಳುತ್ತಿದ್ದೆ. ಬೀದಿಯ ತಿರುವಿನಲ್ಲಿ ಇಳಿದು, ಆಟೋದವನಿಗೆ ಕಾಯಲು ಹೇಳಿದೆ.

ಸಹಾಯಮೇರಿ ಅದೇ ಮೆಟ್ಟಿಲ ಮೇಲೆ ಇದ್ದಳು. ಬೆನ್ನು ಬಾಗಿತ್ತು, ಹಣೆಯ ಮೇಲೆ ಅದೇ ಥರ ಬಿಗಿದು ಕಟ್ಟಿದ ಬಟ್ಟೆ. ವನಜಾಳನ್ನು ನೋಡಿ ಕೈಯಲ್ಲಿದ್ದ ಮೀನು ಕೆಳಗಿಟ್ಟಳು. ಆಮೇಲೆ ನನ್ನತ್ತ ತಿರುಗಿ, "ಇವರು ನಿಂತುಕೊಂಡೇ ಪ್ರಶ್ನೆ ಕೇಳಿದ ಸಾರ್ ಅಲ್ವಾ?" ಎಂದಳು.

ಹೌದು ಎಂದೆ. "ನನಗೆ ಯಾಕಮ್ಮಾ ಮೂರು ದಿನ ಅಂತ ಹೇಳಿದೆ?"

"ವ್ಯಾಪಾರಕ್ಕೆ ಹೋಗಲಾರದೆ ಬಿದ್ದುಕೊಂಡದ್ದು ಮೂರು ದಿನ. ಅದನ್ನ ಹೇಳ್ದೆ. ವ್ಯಾಪಾರಕ್ಕೆ ಹೋದ ದಿನ ನನ್ನ ತಲೆ ನೊಂದ್ರೆ ನಿಮಗೇನು, ಊರಿಗೇನು?"

ಹಾಳೆಗಳನ್ನು ಆಮೇಲೂ ಒಂದು ವರ್ಷ ತೆಗೆದಿಟ್ಟಿದ್ದಳಂತೆ. ಯಾರೂ ಬರಲಿಲ್ಲ. ಕೊನೆಗೆ ಅದರಲ್ಲಿ ನೆತ್ತಿಲಿ ಪೊಟ್ಟಣ ಕಟ್ಟಿ ಮಾರಿದಳಂತೆ. ದಿನಾ ನೋವಿಗೆ ಏನು ಮಾಡ್ತೀಯ ಎಂದರೆ ಸೊಂಟದ ಚೀಲದಿಂದ ನೋವಿನ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದಳು. ಬೆಳಿಗ್ಗೆ ಒಂದು, ಬಿಸಿಲೇರಿದ ಮೇಲೆ ಒಂದು. ದಿನಾ ನುಂಗಿದರೆ ಆ ಮಾತ್ರೆಯೇ ತಲೆನೋವನ್ನು ಸಾಕುತ್ತದೆ ಎಂದು ನಾನು ಎಷ್ಟು ವರದಿಗಳಲ್ಲಿ ಬರೆದಿಲ್ಲ! ಅಷ್ಟೂ ವರ್ಷ ಇಲ್ಲಿ ಅದನ್ನು ಹೇಳುವವರು ಒಬ್ಬರೂ ಬರಲಿಲ್ಲ. ಬರುತ್ತಿದ್ದವಳನ್ನು ನಾನೇ ತಡೆದಿದ್ದೆ.

ವನಜಾ ಆಕೆಯ ಪಕ್ಕದಲ್ಲಿ, ಮೀನಿನ ಬುಟ್ಟಿಯನ್ನು ಸರಿಸಿ ಕೂತಳು. ನಾನೂ ಕೆಳಗಿನ ಮೆಟ್ಟಿಲ ಮೇಲೆ ಕೂತೆ.

"ಈ ತಿಂಗಳು ತಲೆ ಪೂರಾ ಹಗುರ ಇದ್ದ ದಿನ ಎಷ್ಟಮ್ಮಾ?" ಎಂದು ಕೇಳಿದಳು.

ಸಹಾಯಮೇರಿ ಒಳಗೆ ಗೋಡೆಯಲ್ಲಿದ್ದ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದಳು. ಬಾಯಲ್ಲೇ ಏನೋ ಎಣಿಸಿದಳು.

"ಇಲ್ಲಮ್ಮ. ಒಂದೂ ಇಲ್ಲ."

"ಬರ್ಕೊಳ್ಳಿ ಸಾರ್" ಎಂದಳು ವನಜಾ, ನನ್ನ ಕಡೆ ನೋಡದೆ.

ನಾನ್ಯಾಕೆ ಬರೆದುಕೊಳ್ಳಬೇಕು, ನನ್ನ ಹತ್ತಿರ ಫಾರ್ಮಿಲ್ಲ, ಆಫೀಸಿಲ್ಲ ಎಂದು ನನಗೆ ಅನ್ನಿಸಲೇ ಇಲ್ಲ. ಜೇಬಿನಲ್ಲಿ ಪೆನ್ನು ಮಾತ್ರ ಇತ್ತು. ಕಾಗದಕ್ಕಾಗಿ ತಡಕಾಡುವುದನ್ನು ನೋಡಿ ಸಹಾಯಮೇರಿ ಒಳಗೆ ಹೋಗಿ, ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದು ತಂದುಕೊಟ್ಟಳು.

"ಇದು ಇವತ್ತಿಂದಲ್ವಾ? ದಿನ ಇನ್ನೂ ಮುಗಿದಿಲ್ಲ" ಎಂದೆ.

"ಇರಲಿ ತಗೋ ಸಾರ್. ಹೇಗೂ ದಪ್ಪ ಕವರಿಗೇ ಹೋಗೋದು."

ಹಾಳೆಯ ಬೆನ್ನ ಮೇಲೆ ಆಕೆಯ ಹೆಸರು ಬರೆದು, ಮುಂದೆ ಸೊನ್ನೆ ಹಾಕಿದೆ. ನನ್ನ ಇಡೀ ಕೆಲಸದ ಬಾಳಿನಲ್ಲಿ ನಾನೇ ಕೂತು, ಸರಿಯಾಗಿ ತುಂಬಿದ ಫಾರ್ಮು ಅದೊಂದೇ.

"ಡಾಕ್ಟ್ರು ಯಾವಾಗ ಬರ್ತಾರಮ್ಮಾ?" ಎಂದು ಸಹಾಯಮೇರಿ ವನಜಾಳನ್ನು ಕೇಳಿದಳು. ವನಜಾ ನನ್ನ ಮುಖ ನೋಡಿದಳು.

"ಅವರು ಬರೋದಿಲ್ಲಮ್ಮಾ. ನಾವೇ ಹೋಗೋಣ. ಆಟೋ ನಿಂತಿದೆ" ಎಂದೆ.

ಸಹಾಯಮೇರಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಮೀನಿನ ಬುಟ್ಟಿಗೆ ಗೋಣಿ ಮುಚ್ಚಿ, ಬಾಗಿಲ ಹಿಂದೆ ಚಪ್ಪಲಿ ಹುಡುಕತೊಡಗಿದಳು.